ಬೀರುವಿನ ಹಿಂದೆ

ಇವತ್ತು ಬೀರು ಹೊರಡುತ್ತದೆ.
ಬೌಟ್ಸೆನ್ ದಾಟಿ, ಸ್ಪ್ರೇ ನದಿ ಇನ್ನೂ ಹಳ್ಳದಷ್ಟೇ ಇರುವ ಕಡೆ,
ಈ ಎರಡು ಕೋಣೆಯ ದವಾಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಅದರ ಬೀಗದ ಕೈ
ನನ್ನ ಬಿಳಿ ಕೋಟಿನ ಜೇಬಿನಲ್ಲಿತ್ತು.
ಮೂರು ಸಾವಿರದ ನಾನೂರು ಕಾರ್ಡು.
ಅಂಚಿನಲ್ಲೆಲ್ಲ ನನ್ನ ಪೆನ್ಸಿಲು:
ಈತನ ಎಡಗಿವಿ ಸತ್ತಿದೆ, ಬಲಕ್ಕೆ ನಿಂತು ಹೇಳು.
ಈಕೆಗೆ ಸೂಜಿ ತೋರಿಸಬೇಡ, ಸಾಕಿದ ಬಾತುಗಳ ಸುದ್ದಿ ಎತ್ತು.
ಇವರ ಮಗಳ ಹೆಸರು ಕೇಳಬೇಡ.

ಹೊಸ ಡಾಕ್ಟರು ಮಿಲೆನ ಶುಸ್ಟರೆಟ್ಸ್, ನನ್ನ ಮಗಳ ವಯಸ್ಸು.
ಬಂದ ಮೊದಲ ವಾರವೇ
ಕಾಗದ, ಪೆನ್ನು ಹಿಡಿದು ನನ್ನ ಪಕ್ಕ ಕೂತಳು.
ನಲವತ್ತೊಂದು ಫೋನು. ನಾನು ಎತ್ತಿದ್ದು ಹದಿನೇಳು.
"ಉಳಿದವರು?"
ಮತ್ತೆ ಮಾಡುತ್ತಾರೆ, ಅಂದೆ.
"ಮಾಡದವರು?"
ಫ್ಯಾಕ್ಸಿಗೆ ಹಾಳೆ ತುಂಬುವ ನೆವ ತೆಗೆದು ಎದ್ದೆ.

ನಮ್ಮ ಭಾಷೆಯಲ್ಲಿ ಡಾಕ್ಟರು ಸಿಗುವ ಹೊತ್ತಿಗೆ
ಮಾತಿನ ಗಂಟೆ ಎಂದು ಹೆಸರು. ಬಾಗಿಲ ಮೇಲೇ ಬರೆದಿದೆ.
ಒಳಗೆ ಮಾತಿಗೆ ಸಿಗುತ್ತಿದ್ದುದು ನಾಲ್ಕು ನಿಮಿಷ,
ಹೊರಗೆ ಕಾಯಲು ಎರಡು ತಾಸು.

ಹಠ ಮಾಡಿದೆ, ಸುಳ್ಳೇಕೆ.
ಪಾಸ್‌ವರ್ಡು ಮರೆತೆನೆಂದೆ, ಮೌಸು ಕೈಗೆ ಒಗ್ಗದೆಂದೆ,
ಯಂತ್ರಕ್ಕೆ ಮುಖದ ಗುರುತು ಉಂಟೇ ಎಂದು
ಬೆಂಚಿನ ಮೇಲೆ ಕಾದಿದ್ದವರನ್ನೆಲ್ಲ ನನ್ನ ಕಡೆ ಕಟ್ಟಿಕೊಂಡೆ.
ಕಾರ್ಡುಗಳನ್ನು ಸ್ಕ್ಯಾನರಿನ ಬಾಯಿಗೆ ಕೊಟ್ಟರೆ
ಪೆನ್ಸಿಲಿನ ಅಕ್ಷರ ಮಾತ್ರ ಅದಕ್ಕೆ ಕಾಣಲಿಲ್ಲ.
ನೋಡಿ, ನೋಡಿ, ಎಂದು ಕೂಗಿದೆ, ಗೆದ್ದವಳ ಹಾಗೆ.

ಮಧ್ಯಾಹ್ನ ಇಬ್ಬರು ಹುಡುಗರು ಬಂದು
ಬೀರುವನ್ನು ಗೋಡೆಯಿಂದ ಎಳೆದರು.
ಜೇಡರ ಬಲೆ, ಪೆನ್ನಿನ ಮುಚ್ಚಳ, ಚಲಾವಣೆ ನಿಂತ ಒಂದು ಫೆನ್ನಿಗ್,
ಒಂದು ಹಾಳೆ.
ಲ್ಯಾಬಿನ ಹಾಳೆ. ಹನ್ನೊಂದು ವರ್ಷದ ಹಿಂದಿನ ಮಾರ್ಚ್.
ಗೆರ್‌ಹೋಲ್ಡ್ ಕುಬಿಟ್ಸ್.
ಒಂದು ಸಂಖ್ಯೆಯ ಕೆಳಗೆ ಕೆಂಪು ಗೆರೆ.
ಯಾರೂ ನೋಡಿರದ ಕೆಂಪು.

ಅವರ ಕಾರ್ಡಿನ ಅಂಚಿನಲ್ಲಿ ನಾನೇ ಬರೆದಿದ್ದೆ:
ತಮಾಷೆಯ ಮನುಷ್ಯ. ಜೇನು ತರುತ್ತಾರೆ. ಬೇಡವೆನ್ನಬೇಡ.
ಆ ಬೇಸಿಗೆಯಲ್ಲಿ ಎರಡು ಸಲ ಫೋನು ಮಾಡಿದ್ದರು,
"ನನ್ನ ರಕ್ತ ಏನನ್ನುತ್ತದೆ?"
ಏನೂ ಬಂದಿಲ್ಲ, ಬಂದಿಲ್ಲ ಅಂದರೆ ಒಳ್ಳೆಯದೇ,
ಅಂದಿದ್ದೆ. ಬಾಯಿ ತುಂಬ.
ಮರುವರ್ಷ ಅವರ ಕಾರ್ಡನ್ನು
ತೀರಿಕೊಂಡವರ ಖಾನೆಗೆ ಇಳಿಸಿದವಳೂ ನಾನೇ.

ಮಿಲೆನ ಓದಿದಳು. ಬೈಯಲಿಲ್ಲ.
ಹೊಸ ಪರದೆಯಲ್ಲಿ ಪತ್ರದ ಮಾದರಿ ಹದಿನಾಲ್ಕು ಇವೆ,
ಬಾಕಿಗೆ, ಲಸಿಕೆಗೆ, ರಜೆಗೆ, ಮರೆತವರಿಗೆ ನೆನಪಿಸಲಿಕ್ಕೆ.
ಇದಕ್ಕಿಲ್ಲ.
"ವಕೀಲರನ್ನು ಕೇಳಬೇಕು," ಎಂದಳು.
ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ. ಮೊದಲು ಹೇಳಬೇಕು."
ಕೋಟು ಹಾಕಿಕೊಂಡೆವು, ಇಬ್ಬರೂ.

ದಾರಿಯುದ್ದ ವಾಕ್ಯ ಹುಡುಕಿದೆ.
ಹೊಟ್ಟೆಗೆ ಹಾಕಿಕೊಳ್ಳಿ ಅನ್ನಲೇ?
ಯಾರ ಹೊಟ್ಟೆ ಅಷ್ಟು ದೊಡ್ಡದು?
ಹೆಡ್ವಿಗ್ ಕುಬಿಟ್ಸ್ ಬಾಗಿಲಲ್ಲೇ ನಿಂತು,
ಅರ್ಧ ಸುಲಿದ ಆಲೂಗಡ್ಡೆ ಕೆಳಗಿಡದೆ, ಪೂರ್ತಿ ಕೇಳಿದರು.
ಆಮೇಲೆ ಒಂದೇ ಮಾತು:
"ಹಾಗಾದರೆ ಅವರು ಸುಮ್ಮಸುಮ್ಮನೆ ನೋವು ಅನ್ನುತ್ತಿರಲಿಲ್ಲ?"
ಇಲ್ಲ, ಅಂದೆ.
"ನಾನು ಹಾಗಂದಿದ್ದೆ ಅವರಿಗೆ."
ಬಾಗಿಲು ಮುಚ್ಚಿತು, ಮೆಲ್ಲಗೆ.

ಈಗ ರಾತ್ರಿ ಎಂಟು. ಪರದೆಯ ಮುಂದೆ ಒಬ್ಬಳೇ.
ಓದದ ಫಲಿತಾಂಶ ಇದರಲ್ಲಿ ಕೆಂಪಗೆ ಮಿನುಗುತ್ತದೆ,
ಯಾರಾದರೂ ಮುಟ್ಟುವ ತನಕ ಆರುವುದಿಲ್ಲ.
ಮೂಲೆಯಲ್ಲಿ ಇತರೆ ಎಂಬ ಚೌಕ,
ಇನ್ನೂರೈವತ್ತು ಅಕ್ಷರಕ್ಕೆ ಜಾಗ.
ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ:

ಕುಬಿಟ್ಸ್, ಹೆಡ್ವಿಗ್.
ಇವರು ಫೋನು ಮಾಡುವುದಿಲ್ಲ.
ನೀನೇ ಮಾಡು.